ಉಳಿ ಹಿಡಿದ ಡ್ರಾಯಿಂಗ್ ಮಾಸ್ತರು

ನಮ್ಮ ಡ್ರಾಯಿಂಗ್ ಮಾಸ್ತರು ಯಾರ ಚಿತ್ರವನ್ನೂ ಚಲೋ ಅಂದವರಲ್ಲ, ತಮ್ಮದೊಂದನ್ನು ಬಿಟ್ಟು. ಗೋಕಾಕದ ಹೈಸ್ಕೂಲಿನಲ್ಲಿ ತಲೆಮಾರುಗಟ್ಟಲೆ ಹುಡುಗರಿಗೆ ಚಿತ್ರಕಲೆ ಕಲಿಸಿದರು ಅಂತ ಈಗ ಜನ ಹೇಳುತ್ತಾರೆ. ಕಲಿಸಿದರು ಅನ್ನುವುದು ಸ್ವಲ್ಪ ದೊಡ್ಡ ಮಾತು. ಬೋರ್ಡಿನ ಮೇಲೆ ಒಂದು ಹೂದಾನಿ ಬರೆದು, "ಇದನ್ನ ತೆಗೀರಿ" ಅಂತ ಹೇಳಿ, ಕುರ್ಚಿಯಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದರು. ಗಂಟೆ ಹೊಡೆಯಲು ಹತ್ತು ನಿಮಿಷ ಇದೆ ಅನ್ನುವಾಗ ಎದ್ದು ಬಂದು, ಒಬ್ಬೊಬ್ಬರ ಹಾಳೆಯನ್ನು ಎರಡು ಬೆರಳಲ್ಲಿ ಎತ್ತುತ್ತಿದ್ದರು. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ.

"ಇದು ಹೂದಾನೇನಲೇ? ಎಮ್ಮಿ ಹಿಂಡೋ ಚರಿಗಿ ಆಗೇತಿ."

ಹುಡುಗರು ನಗುತ್ತಿದ್ದರು. ಯಾರ ಹಾಳೆ ಅವರ ಕೈಯಲ್ಲಿ ಇರುತ್ತಿತ್ತೋ ಅವನೊಬ್ಬ ನಗುತ್ತಿರಲಿಲ್ಲ.

ಅವರ ಸ್ವಂತ ಚಿತ್ರಗಳೆಂದರೆ ಜಲಪಾತ. ಗೋಕಾಕದಲ್ಲಿ ಇದ್ದು ಜಲಪಾತ ಬರೆಯದವರು ಯಾರಿದ್ದಾರೆ? ಆದರೆ ಇವರು ಬೇರೆ ಏನನ್ನೂ ಬರೆಯಲಿಲ್ಲ. ಮಳೆಗಾಲದ ಜಲಪಾತ, ಬೇಸಿಗೆಯ ಜಲಪಾತ, ತೂಗುಸೇತುವೆ ಸಮೇತ ಜಲಪಾತ, ಸೇತುವೆ ಬಿಟ್ಟು ಜಲಪಾತ. ಊರಿನ ಪ್ರತಿ ಕಚೇರಿಯಲ್ಲೂ ಒಂದೊಂದು ನೇತಾಡುತ್ತಿತ್ತು, ಸಾಹೇಬರು ಬದಲಾದರೂ ಅದು ಬದಲಾಗುತ್ತಿರಲಿಲ್ಲ. ಕರದಂಟಿನ ಡಬ್ಬಿಯ ಮೇಲೆ ಅಚ್ಚಾಗುವ ಜಲಪಾತ ಅವಕ್ಕಿಂತ ಚಲೋ ಇರುತ್ತಿತ್ತು, ಒಳಗೆ ತಿನ್ನಲಿಕ್ಕಾದರೂ ಏನೋ ಇರುತ್ತಿತ್ತು. ಮೂಲೆಯಲ್ಲಿ ಇವರ ಸಹಿ. ನೀರಿಗಿಂತ ಸಹಿಗೆ ಜಾಸ್ತಿ ಬಣ್ಣ ಖರ್ಚಾಗಿರುತ್ತಿತ್ತು.

ನಾನು ಬೆಲ್ಲದ ಬಾಗೇವಾಡಿಯವನು. ನಮ್ಮದು ಬೌದ್ಧರ ಮನೆ, ಅಪ್ಪ ಅವ್ವ ಇಬ್ಬರೂ ಮಂದಿಯ ಹೊಲದಲ್ಲಿ ದುಡಿದವರು. ಗೋಕಾಕದ ಹಾಸ್ಟೆಲಿನಲ್ಲಿ ಇದ್ದು ಓದಿದೆ. ಎಂಟನೇ ಇಯತ್ತೆಯಲ್ಲಿ ಒಮ್ಮೆ ಮಾಸ್ತರಿಗೆ ಏನು ಹುಕಿ ಬಂತೋ, "ಇವತ್ತ ಮನಸ್ಸಿಗೆ ಬಂದದ್ದು ತೆಗೀರಿ" ಅಂದರು. ನಾನು ಶೇಂಗಾ ಹೊಲದಲ್ಲಿ ಬಗ್ಗಿ, ಕುರ್ಪಿ ಹಿಡಿದು ಕಳೆ ಕೀಳುವ ಅವ್ವನ ಚಿತ್ರ ತೆಗೆದೆ. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಗೌಡರ ಹುಡುಗ ಕುದುರೆ ತೆಗೆದಿದ್ದ. ಅದಕ್ಕೆ ಮೂರು ಕಾಲು. ಮಾಸ್ತರು ಅದನ್ನು ನೋಡಿ, "ಇನ್ನೊಂದು ಕಾಲು ಹಚ್ಚರಿ, ಸಣ್ಣ ಗೌಡ್ರ, ಆಗತೈತಿ" ಅಂದರು. ಆಮೇಲೆ ನನ್ನ ಹಾಳೆ ಎತ್ತಿದರು.

"ಚಿತ್ರ ತೆಗಿಯೋ ಕೈ ಬ್ಯಾರೆ ಇರತೈತಿ. ನಿಂದು ಕುರ್ಪಿ ಹಿಡಿಯೋ ಕೈ. ಸುಮ್ನ ಅದನ್ನ ಹಿಡಿ."

ಎಲ್ಲರೂ ನಕ್ಕರು. ನಾನು ಹಾಳೆಯನ್ನು ಮಡಚಿ ಚಡ್ಡಿಯ ಕಿಸೆಗೆ ಹಾಕಿಕೊಂಡೆ. ಆವತ್ತಿನಿಂದ ಛಲಕ್ಕೆ ಬಿದ್ದು ಚಿತ್ರಕಲೆ ಕಲಿತೆ ಅಂತ ಬರೆದರೆ ಓದಲಿಕ್ಕೆ ಚಲೋ ಅನ್ನಿಸುತ್ತದೆ. ಹಾಗೇನೂ ಆಗಲಿಲ್ಲ. ಎರಡು ವರ್ಷ ಪೆನ್ಸಿಲ್ ಮುಟ್ಟಲಿಲ್ಲ. ಮುಂದೆ ಬೇರೆ ಊರಿನ ಕಾಲೇಜಿನಲ್ಲಿ ಬೇರೆ ಒಬ್ಬ ಗುರುಗಳು ಸಿಕ್ಕು, ಕೈ ಹಿಡಿದು ಕೂಡಿಸಿ, ಮುದ್ರಣ ಚಿತ್ರ ಕಲಿಸಿದರು. ಮರ, ಲಿನೋಲಿಯಂ, ತಾಮ್ರದ ತಗಡು ಇವುಗಳ ಮೇಲೆ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯುವ ಚಿತ್ರ. ಅದರಲ್ಲೇ ಪದವಿ ಆಯಿತು. ಮೂಡಲಗಿಯಲ್ಲಿ ಡ್ರಾಯಿಂಗ್ ಮಾಸ್ತರಿಕೆ ಸಿಕ್ಕಿತು. ಮನೆಯ ಪಡಸಾಲೆಯಲ್ಲೇ ಒಂದು ಮೇಜು ಹಾಕಿಕೊಂಡು ಲಿನೋ ಕೆತ್ತುತ್ತಾ ಇದ್ದೆ.

ಅಲ್ಲಿಗೆ ಒಂದು ರವಿವಾರ ಮುಂಜಾನೆ ಅವರು ಬಂದರು. ನಿವೃತ್ತರಾಗಿ ಮೂರು ವರ್ಷವಾಗಿತ್ತು. ಅದೇ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಅದೇ ಎರಡು ಪೆನ್ನು. ಫೋನಿಲ್ಲ, ಹೇಳಿಕೆಯಿಲ್ಲ. ಬಾಗಿಲಲ್ಲಿ ನಿಂತು, "ಏನಲೇ, ಅದೇನೋ ಕೆತ್ತತೀಯಂತಲ್ಲ, ಪೇಪರಿನ್ಯಾಗ ಬಂದಿತ್ತು. ತೋರಸು" ಅಂದರು.

ತೋರಿಸಿದೆ. ಗೋಡೆಯ ಮೇಲಿದ್ದ ನನ್ನ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಮೂಗಿನಿಂದ ಗಾಳಿ ಬಿಟ್ಟರು.

"ನನಗೂ ಪೇಂಟಿಂಗ್ ಬ್ಯಾಸರಾಗೇತಿ. ಇದೇನು ದೊಡ್ಡ ವಿದ್ಯೆ ಅಲ್ಲ ಬಿಡು. ಒಂದೆರಡು ಸಲ ಹೆಂಗ ಹಿಡಿಯೋದಂತ ತೋರಸು, ಸಾಕು."

ನಾನು ಆಗೋದಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಗುರುಭಕ್ತಿಯಿಂದ ಅಲ್ಲ. ಈ ಮನುಷ್ಯ ನನ್ನ ಮೇಜಿಗೆ ಬಂದು, ನನ್ನ ಎದುರು, ನನ್ನ ಉಳಿ ಹಿಡಿದು ಕೂಡುವುದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು.

ಅವರಂಥ ದಡ್ಡ ವಿದ್ಯಾರ್ಥಿಯನ್ನು ನಾನು ಮತ್ತೆ ಕಂಡಿಲ್ಲ. ಲಿನೋ ಅಂದರೆ ನೆಲಕ್ಕೆ ಹಾಸುವ ಚಾಪೆಯಂಥ ದಪ್ಪ ಹಾಳೆ. ಅದನ್ನು ಮೊದಲು ಬಿಸಿಲಿಗೆ ಇಟ್ಟು ಮೆತ್ತಗೆ ಮಾಡಿಕೊಳ್ಳಬೇಕು. ಕೆತ್ತಿ ತೆಗೆದದ್ದು ಬಿಳಿಯಾಗಿ ಬರುತ್ತದೆ, ಬಿಟ್ಟದ್ದು ಕಪ್ಪಾಗಿ ಬರುತ್ತದೆ. ಇಷ್ಟೇ ತತ್ವ. ಇಷ್ಟು ಅವರ ತಲೆಗೆ ಇಳಿಯಲು ಒಂದು ತಿಂಗಳು ಬೇಕಾಯಿತು. ಬಣ್ಣದಲ್ಲಿ ಕೈ ತಪ್ಪಿದರೆ ಮೇಲೆ ಇನ್ನಷ್ಟು ಬಣ್ಣ ಬಳಿದು ಮುಚ್ಚಿ ಜನ್ಮ ಕಳೆದವರು ಅವರು. ಲಿನೋದಲ್ಲಿ ಹೋದ ಗೆರೆ ಹೋಯಿತು, ಮುಚ್ಚಲಿಕ್ಕೆ ಬರುವುದಿಲ್ಲ.

"ಎಡಗೈ ಉಳಿ ಮುಂದ ಇಡಬ್ಯಾಡ್ರಿ ಸರ್," ಅಂತ ಮೂರು ಸಲ ಹೇಳಿದೆ.

"ನನಗ ಹೇಳತಿ?" ಅಂದರು. ಮುಂದಿನ ಗಳಿಗೆಗೆ ಉಳಿ ಜಾರಿ ಹೆಬ್ಬೆರಳಿನ ಬುಡಕ್ಕೆ ನಟ್ಟಿತು. ನನ್ನ ಹೆಂಡತಿ ಓಡಿ ಬಂದು ಅರಿಷಿಣ ಒತ್ತಿ ಬಟ್ಟೆ ಕಟ್ಟಿದಳು. ಅವರು ಕೈ ಮೇಲೆತ್ತಿ ಹಿಡಿದು, "ನಿನ್ನ ಉಳಿ ಚಲೋ ಇಲ್ಲ" ಅಂದರು.

ಮೊದಲ ಚಿತ್ರ ಯಾವುದು ಅಂತ ಹೇಳಬೇಕಿಲ್ಲ. ಜಲಪಾತ. ಕೆಳಗೆ ದೊಡ್ಡ ಅಕ್ಷರದಲ್ಲಿ ಗೋಕಾಕ ಅಂತ ಕೆತ್ತಿದ್ದರು. ಅಕ್ಷರ ತಿರುವಿ ಕೆತ್ತಬೇಕು, ಅಚ್ಚಿನಲ್ಲಿ ಎಡದ್ದು ಬಲಕ್ಕೆ ಬರುತ್ತದೆ ಅಂತ ನಾನು ಹೇಳಿಯೇ ಇದ್ದೆ. ರೋಲರಿನಿಂದ ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿ, ಮೆಲ್ಲಗೆ ಎತ್ತಿದೆವು. ಗೋಕಾಕ ಉಲ್ಟಾ ಬಂದಿತ್ತು. ಅವರು ಹಾಳೆಯನ್ನು ಒಮ್ಮೆ ತಿರುಗಿಸಿ ನೋಡಿದರು.

"ಬೇಕಂತನ ಮಾಡೇನಿ," ಅಂದರು. "ಜನಾ ಕನ್ನಡಿ ಹಿಡಿದು ಓದಬೇಕು. ಹೊಸಾ ವಿಚಾರ."

"ಹಂಗಾರ ಚಿತ್ರದ ಜೋಡಿ ಒಂದೊಂದು ಕನ್ನಡಿನೂ ಮಾರ್ರಿ ಸರ್," ಅಂದೆ.

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ನನಗೆ ಅದು ಎಷ್ಟು ರುಚಿಸಿತು ಅಂದರೆ, ಮುಂದಿನ ರವಿವಾರಕ್ಕೆ ನಾನು ಕಾಯತೊಡಗಿದೆ. ಅವರು ತಂದದ್ದನ್ನೆಲ್ಲ ಎರಡು ಬೆರಳಲ್ಲಿ ಎತ್ತಿ ನೋಡಿದೆ. "ಇದು ನೀರಲ್ರಿ ಸರ್, ಗಿರಣ್ಯಾಗ ಹಿಟ್ಟು ಚೆಲ್ಲಿದಂಗ ಆಗೇತಿ." "ಇದು ಬಂಡೆ ಅಂತೀರೇನ್ರಿ? ನನಗ ಬದನೀಕಾಯಿ ಕಾಣತೈತಿ." ಒಂದೇ ಜಲಪಾತವನ್ನು ಏಳು ಸಲ ಕೆತ್ತಿಸಿದೆ. ಎರಡನೆಯದೇ ಸಾಕಷ್ಟು ಸರಿ ಇತ್ತು.

"ಎಷ್ಟ ಬೈತೀರಿ ಅವರ್ನ? ವಯಸ್ಸಾದವರು, ನಿಮಗ ಕಲಿಸಿದವರು," ಅಂದಳು ಹೆಂಡತಿ.

"ಕಲಿಸಿದವರಲ್ಲ. ಪಗಾರ ತಗೊಂಡವರು," ಅಂದೆ.

ಆದರೆ ನನಗೆ ಸಿಟ್ಟು ಬರುತ್ತಿದ್ದದ್ದು ಬೇರೆಯದಕ್ಕೆ. ನಾನು ಎಷ್ಟು ಬೈದರೂ ಅವರಿಗೆ ನಾಟುತ್ತಿರಲಿಲ್ಲ. "ಹೂಂ" ಅನ್ನುತ್ತಿದ್ದರು. ಹೊಸ ತುಂಡು ತೆಗೆದುಕೊಂಡು ಮಾಳಿಗೆ ಹತ್ತಿ ಬಿಸಿಲಿಗೆ ಇಡುತ್ತಿದ್ದರು. ಮತ್ತೆ ಕೂತು ಕೆತ್ತುತ್ತಿದ್ದರು. ಅವಮಾನ ಅನ್ನುವುದು ಅವರ ಪಾಲಿಗೆ ದಿನದ ಗಾಳಿ ಬಿಸಿಲು ಇದ್ದ ಹಾಗೆ. ಕೊಡುವಾಗಲೂ ಅವರಿಗೆ ಗೊತ್ತಾಗುತ್ತಿರಲಿಲ್ಲ, ತಗೊಳ್ಳುವಾಗಲೂ ಗೊತ್ತಾಗುತ್ತಿರಲಿಲ್ಲ. ನಾನು ಮಾತ್ರ ಒಂದು ಮಾತನ್ನು ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡು ಕೂತಿದ್ದೆ.

ಒಂದು ದಿನ ಕೇಳಿಯೇಬಿಟ್ಟೆ. ಅವರು ಬಗ್ಗಿ ಕೆತ್ತುತ್ತಿದ್ದರು.

"ಸರ್, ಎಂಟನೇತ್ತ್ಯಾಗ ನನಗ ಏನಂದಿದ್ರಿ ನೆನಪೈತೇನ್ರಿ?"

"ಏನಂದಿದ್ದೆ?"

"ನಿಂದು ಕುರ್ಪಿ ಹಿಡಿಯೋ ಕೈ ಅಂದಿದ್ರಿ. ನಮ್ಮವ್ವನ ಚಿತ್ರ ನೋಡಿ."

ಅವರು ತಲೆ ಎತ್ತಲಿಲ್ಲ. "ಅಂದಿರಬೇಕು. ಎಲ್ಲಾರಿಗೂ ಅಂತಿದ್ದೆ."

"ಎಲ್ಲಾರಿಗೂ ಅಂದಿಲ್ರಿ. ಗೌಡರ ಹುಡುಗಗ ಅಂದಿಲ್ಲ. ಅವನ ಕುದುರಿಗೆ ಮೂರ ಕಾಲ ಇದ್ದುವು, ಆದ್ರೂ ಅವಂಗ 'ಸಣ್ಣ ಗೌಡ್ರ' ಅಂದ್ರಿ. ನನಗ ಕುರ್ಪಿ ಅಂದ್ರಿ. ಈಗ ನಿಮ್ಮ ಕೈಯಾಗ ಇರೋದೇನ್ರಿ? ಈ ಉಳಿ ಕುರ್ಪಿಯ ತಮ್ಮನ ಅಲ್ಲೇನು?"

ಉಳಿ ನಿಂತಿತು. ಅವರು ಏನಾದರೂ ಹೇಳುತ್ತಾರೆ ಅಂತ ನಾನು ಕಾದೆ. ತಪ್ಪಾಯಿತು ಅನ್ನುವುದು ಬೇಡ, ಹೌದು ಅಂದಿದ್ದರೂ ಸಾಕಿತ್ತು. ಅವರು ಉಳಿಯನ್ನು ಮೇಜಿನ ಮೇಲೆ ಇಟ್ಟು, "ಇದರ ಮೊನಿ ಹೋಗೇತಿ. ಇನ್ನೊಂದು ಕೊಡು" ಅಂದರು.

ಕೊಟ್ಟೆ. ನನ್ನ ಕೈಯಿಂದ ಅದನ್ನು ತಗೊಳ್ಳುವಾಗ ಅವರ ಬಲಗೈ ನಡುಗಿದ್ದು ಕಂಡಿತು. ಸಿಟ್ಟಿಗೆ ಇರಬೇಕು ಅಂದುಕೊಂಡೆ. ಆಮೇಲೆ ಚಹಾ ಬಂದಾಗ ನೋಡಿದೆ. ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಖವನ್ನೇ ಅದರ ಹತ್ತಿರ ತಂದು ಕುಡಿದರು. ಯಾವಾಗಲೂ ಹಾಗೇ ಕುಡಿಯುತ್ತಿದ್ದರು, ನಾನು ಗಮನಿಸಿರಲಿಲ್ಲ. ಬ್ರಷ್ ಹಿಡಿದರೆ ಗೆರೆ ನಿಲ್ಲುತ್ತಿರಲಿಲ್ಲ ಅವರಿಗೆ. ಉಳಿಯನ್ನು ಲಿನೋದ ಮೇಲೆ ಭಾರ ಹಾಕಿ ಒತ್ತಿದಾಗ ಮಾತ್ರ ಆ ಕೈ ಗಪ್ಪನೆ ನಿಲ್ಲುತ್ತಿತ್ತು. ಪೇಂಟಿಂಗ್ ಬೇಸರಾದದ್ದು ಅಂದರೆ ಇದು. ಕನಿಕರ ಬಂತು ಅಂತ ಸುಳ್ಳು ಬರೆಯುವುದಿಲ್ಲ. ಇದನ್ನೂ ಮುಚ್ಚಿಟ್ಟರಲ್ಲ, ಇದರ ಮೇಲೂ ಬಣ್ಣ ಬಳಿದರಲ್ಲ ಅನ್ನಿಸಿತು.

ಎರಡು ವರ್ಷದ ಹತ್ತಿರ ಬಂದರು. ಎರಡನೆಯ ವರ್ಷದ ಕೊನೆಗೆ ಒಂದು ತುಂಡು ತಂದರು, ಮನೆಯಲ್ಲೇ ಕೆತ್ತಿದ್ದು. ಮಸಿ ಹಚ್ಚಿ ತೆಗೆದೆವು. ಜಲಪಾತ ಅಲ್ಲ. ಘಟಪ್ರಭಾ ಸ್ಟೇಷನ್ನು. ಗಾಡಿಗೆ ಕಾಯುವ ಜನ, ಎಲ್ಲರೂ ನಮಗೆ ಬೆನ್ನು ಮಾಡಿ ನಿಂತವರು. ಒಬ್ಬ ಹೆಣ್ಣುಮಗಳ ತಲೆಯ ಮೇಲೆ ಗಂಟು, ಒಬ್ಬ ಮುದುಕನ ಬಗಲಲ್ಲಿ ಆಸ್ಪತ್ರೆಯ ಎಕ್ಸ್‌ರೇ ಚೀಲ. ಬೆನ್ನುಗಳೆಲ್ಲ ಕಪ್ಪು, ಗಾಡಿ ಬರಬೇಕಾದ ದಿಕ್ಕಿಗೆ ಅಷ್ಟೇ ಬಿಳಿ. ಒಂದು ಗೆರೆ ಹೆಚ್ಚಿರಲಿಲ್ಲ. ಸಹಿ ಇದೆಯೋ ಇಲ್ಲವೋ ಅಂತ ಹುಡುಕಬೇಕಿತ್ತು.

ನಾನು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಂದೆ. ಅವರು ಕಾದರು.

"ಹೆಂಗಾಗೇತಿ?"

ಯಾರನ್ನೂ ಯಾವತ್ತೂ ಅವರು ಕೇಳಿರದ ಪ್ರಶ್ನೆ ಅದು. ನನಗದು ಗೊತ್ತಿತ್ತು.

"ಆಗೇತಿ ಬಿಡ್ರಿ," ಅಂದೆ.

ಅವರು ಹಾಳೆಯನ್ನು ಹಗ್ಗಕ್ಕೆ ಸಿಕ್ಕಿಸಿ, ಮಸಿ ಒಣಗುವ ತನಕ ಅದರ ಎದುರು ನಿಂತಿದ್ದರು.

ಆಮೇಲೆ ಹುಕ್ಕೇರಿಯಲ್ಲಿ ಪ್ರದರ್ಶನ. ಅದು ಅವರ ಹುಟ್ಟೂರು, ಬಳಗದವರು ಸೇರಿ ಒಂದು ಮಂಗಲ ಕಾರ್ಯಾಲಯದಲ್ಲಿ ಮಾಡಿಸಿದ್ದರು. ನಾನು ಶಾಲೆಗೆ ರಜೆ ಹಾಕಿ ಹೋದೆ. ಬಾಗಿಲಲ್ಲೇ ಒಂದು ಕರಪತ್ರ ಕೈಗೆ ಕೊಟ್ಟರು. ಅದರಲ್ಲಿ ಇತ್ತು: ಇಳಿವಯಸ್ಸಿನಲ್ಲಿ ಯಾರ ಮಾರ್ಗದರ್ಶನವೂ ಇಲ್ಲದೆ ಸ್ವಂತ ಸಾಧನೆಯಿಂದ ಲಿನೋ ಮುದ್ರಣ ಕಲೆಯನ್ನು ಕರಗತ ಮಾಡಿಕೊಂಡ ಹಿರಿಯ ಕಲಾವಿದರು. ಎರಡು ಸಲ ಓದಿದೆ. ಚಿತ್ರಗಳನ್ನು ತೂಗುಹಾಕಿದ ಹಗ್ಗದ ಕ್ಲಿಪ್ಪುಗಳು ನನ್ನ ಮನೆಯವು ಅಂತ ಆಮೇಲೆ ಕಣ್ಣಿಗೆ ಬಿತ್ತು.

ಅವರು ಉದ್ಘಾಟನೆಗೆ ಬಂದ ಸಾಹೇಬರ ಜೊತೆ ನಿಂತಿದ್ದರು. ನನ್ನನ್ನು ನೋಡಿ ಹತ್ತಿರ ಕರೆದರು. ಒಂದು ಗಳಿಗೆ, ಈಗ ಹೇಳುತ್ತಾರೆ ಅಂದುಕೊಂಡೆ. ನನ್ನ ಹೆಗಲ ಮೇಲೆ ಕೈ ಹಾಕಿ ಅವರು ಅಂದದ್ದು ಇದು:

"ಇಂವ ನನ್ನ ಹಳೇ ವಿದ್ಯಾರ್ಥಿ ರಿ. ಮೂಡಲಗ್ಯಾಗ ಮಾಸ್ತರ ಅದಾನ. ನನ್ನ ನೋಡಿ ಇಂವನೂ ಈಗ ಲಿನೋ ಮಾಡಾಕತ್ತಾನ."

ಸಾಹೇಬರು ನನ್ನ ಕೈ ಕುಲುಕಿ, "ಚಲೋ ಗುರುಗಳು ಸಿಕ್ಕಾರ ನಿಮಗ" ಅಂದರು.

ಹೆಗಲ ಮೇಲಿನ ಕೈಯನ್ನು ತೆಗೆದು ಕೆಳಗೆ ಬಿಟ್ಟೆ. ಯಾರಿಗೂ ಏನೂ ಹೇಳದೆ ಹೊರಗೆ ಬಂದೆ. ಮೂಡಲಗಿಯ ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಎದುರಿಗೆ ಬಂದ ಟಂಟಂ ರಿಕ್ಷಾ ಹತ್ತಿ ಬಾಗೇವಾಡಿಗೆ, ಅಪ್ಪನ ಹತ್ತಿರ ಹೋದೆ. ಅಪ್ಪ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಅವನು ಕೈ ನಿಲ್ಲಿಸದೆ ಕೇಳಿದ.

"ಚಿತ್ರ ಚಲೋ ಇದ್ದುವೇನು ಅವರವು?"

"ಒಂದು ಇತ್ತು."

"ಹಂಗಾರ ನೀ ಕಲಿಸಿದ್ದು ಹಾಳಾಗಿಲ್ಲ. ಉಳದದ್ದು ಅವರ ಬುದ್ಧಿ. ಅದನ್ನ ನೀ ಕೆತ್ತಾಕ ಆಗೂದಿಲ್ಲ ಬಿಡು."

ಹಾಗೆ ಹೇಳುವುದು ಅಪ್ಪನಿಗೆ ಸುಲಭ. ಮುಂದಿನ ರವಿವಾರ ಅವರು ಏನೂ ಆಗಿಲ್ಲ ಅನ್ನುವ ಹಾಗೆ ಬಂದರು, ಬಗಲಲ್ಲಿ ಹೊಸ ಲಿನೋ ಸುರುಳಿ. ನಾನು ಒಳಗಿನ ಕೋಣೆಯಲ್ಲಿ ಕೂತು, ಇಲ್ಲ ಅಂತ ಹೇಳು ಅಂದೆ ಹೆಂಡತಿಗೆ. "ಎಲ್ಲಿ ಹೋಗ್ಯಾನ?" "ಗೊತ್ತಿಲ್ರಿ." "ಬರಲಿ, ಕೂಡತೇನಿ." ಕಟ್ಟೆಯ ಮೇಲೆ ಒಂದು ತಾಸು ಕೂತು, ಚಹಾ ಕುಡಿದು ಹೋದರು. ನನ್ನ ಚಪ್ಪಲಿ ಅವರ ಕಾಲ ಹತ್ತಿರವೇ ಇದ್ದವು. ಅದರ ಮುಂದಿನ ರವಿವಾರವೂ ಬಂದರು, ಕೂತರು, ಹೋದರು. ಮೂರನೆಯ ರವಿವಾರ ಬರಲಿಲ್ಲ.

"ಆತೇನ್ರಿ ನಿಮಗ ಸಮಾಧಾನ?" ಅಂದಳು ಹೆಂಡತಿ.

"ಆತು," ಅಂದೆ.

ಐದು ತಿಂಗಳಾದ ಮೇಲೆ ಹೋಗಿಬಿಟ್ಟರು ಅಂತ ಸುದ್ದಿ ಬಂತು. ಮುಂಜಾನೆ ಚಹಾ ಕುಡಿದು ಪೇಪರು ಹಿಡಿದವರು ಹಾಗೇ ಒರಗಿದರಂತೆ. ಮಣ್ಣಿಗೆ ನಾನು ಹೋಗಲಿಲ್ಲ. ಶ್ರದ್ಧಾಂಜಲಿ ಸಭೆಗೆ ಹೋದೆ, ಗೋಕಾಕದ ಹಳೆಯ ಗೆಳೆಯರು ಎಳೆದುಕೊಂಡು ಹೋದರು. ವೇದಿಕೆಯ ಮೇಲೆ ದೊಡ್ಡ ಫ್ಲೆಕ್ಸು, ಅದರಲ್ಲಿ ಅವರ ಮುಖ, ಹಿಂದೆ ಜಲಪಾತ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ. ಆ ತಾಯಿಯನ್ನು ನಾನು ನೋಡಿದ್ದು ಅದೇ ಮೊದಲು. ನಾಲ್ಕು ಜನ ಮಾತಾಡಿದರು. ಸಾವಿರಾರು ಹುಡುಗರ ಕೈ ಹಿಡಿದು ತಿದ್ದಿದರು ಅಂದರು. ಒಬ್ಬರನ್ನೂ ಬೈದವರಲ್ಲ ಅಂತ ಒಬ್ಬ ಅಂದ. ಅವನ ಹೂದಾನಿಗೆ ಚರಿಗಿ ಅಂದದ್ದನ್ನು ನನ್ನ ಕಿವಿ ಕೇಳಿತ್ತು.

ನಿರೂಪಕ ನನ್ನ ಹೆಸರು ಕರೆದ. ಎರಡು ಮಾತು ಅಂದ. ನಾನು ಮೈಕಿನ ಎದುರು ನಿಂತೆ. ಹೊಗಳಲಿಕ್ಕೆ ನಾಲಿಗೆ ಏಳಲಿಲ್ಲ, ಸತ್ತವರನ್ನು ಬೈಯಲಿಕ್ಕೂ ಏಳಲಿಲ್ಲ.

"ಅವರು ನನ್ನ ವಿದ್ಯಾರ್ಥಿ ಆಗಿದ್ರು," ಅಂದೆ. ಬಂದು ಕೂತೆ.

ಸಭೆಯಲ್ಲಿ ಗುಸುಗುಸು ಆಯಿತು. ನಿರೂಪಕ ಮೈಕು ಹಿಡಿದು ನಕ್ಕ. "ದುಃಖದಾಗ ನಾಲಿಗಿ ತಪ್ಪೇತಿ. ನಾನು ಅವರ ವಿದ್ಯಾರ್ಥಿ ಆಗಿದ್ದೆ ಅನ್ನಾಕ ಹೋಗಿ ಹಂಗಂದಾರ."

"ತಪ್ಪಿಲ್ಲ," ಅಂತ ಮುಂದಿನ ಸಾಲಿನಿಂದ ಆ ತಾಯಿಯ ದನಿ ಬಂತು. ಮೈಕು ಬೇಕಾಗಲಿಲ್ಲ, ಎಲ್ಲರಿಗೂ ಕೇಳಿಸಿತು. "ಖರೇನ ಹೇಳ್ಯಾರ ಅವರು. ರವಿವಾರ ಎದ್ದ ಕೂಡಲೆ ಜಳಕಾ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ಹೊಂಟ ಬಿಡತಿದ್ರು. ಎಲ್ಲಿಗಿ ಅಂದ್ರ, 'ಸಾಲಿಗಿ' ಅಂತಿದ್ರು. ರವಿವಾರ ಎಂಥಾ ಸಾಲಿರಿ ಅಂದ್ರ, 'ನಮ್ಮ ಮಾಸ್ತರ ಬಾಳ ಬಿಗಿ ಅದಾನ, ತಡಾ ಆದ್ರ ಬೈತಾನ' ಅಂತಿದ್ರು."

ಆಕೆ ತಿರುಗಿ, ಸಾಲುಗಳ ನಡುವೆ ನನ್ನನ್ನು ಹುಡುಕಿ ನೋಡಿದರು.

"ನೀವ ಏನ್ರಿ ಆ ಮಾಸ್ತರು?"

"ಹೌದ್ರಿ ತಾಯಿ."

"ತಡಾ ಮಾಡತಿದ್ರೇನ್ರಿ ಅವರು?"

ಎರಡು ವರ್ಷದ ರವಿವಾರಗಳನ್ನೆಲ್ಲ ನೆನಪು ಮಾಡಿಕೊಂಡೆ. ಮಳೆ ಇದ್ದದ್ದು, ಬಸ್ಸು ಬಂದ್ ಇದ್ದದ್ದು, ಕಟ್ಟೆಯ ಮೇಲೆ ಸುಮ್ಮನೆ ಕೂತು ಹೋದ ಆ ಎರಡು ದಿನ.

"ಇಲ್ರಿ," ಅಂದೆ. "ಒಂದು ದಿನಾನೂ ಮಾಡಲಿಲ್ಲ."

ನಾಲ್ಕು ಜನರ ಎದುರು ಅವರ ಪರವಾಗಿ ನಾನು ಆಡಿದ್ದು ಇದೊಂದೇ ಮಾತು. ಕೇಳಲಿಕ್ಕೆ ಅವರಿರಲಿಲ್ಲ. ಇದ್ದಿದ್ದರೆ ಮೂಗಿನಿಂದ ಗಾಳಿ ಬಿಡುತ್ತಿದ್ದರು.